ಸಕ್ಕರೆ ಕಳಚಿದ ಮೇಲೆ

"ನನ್ನ ಪ್ರಯೋಗಕ್ಕೆ ಕೈ ಹಾಕೋಕೆ ನಿಮಗೆ ಯಾರು ಹೇಳಿದ್ರು?"

ಅಪ್ಪ ತೀರಿಕೊಂಡ ಮೇಲೆ ಅವಳು ಲ್ಯಾಬಿಗೆ ಬಂದ ಮೊದಲ ದಿನ. ಅವಳ ಸಂಶೋಧನಾ ಪ್ರಬಂಧವನ್ನು ಗೈಡ್ ಸರ್ ತಡೆಹಿಡಿದಿದ್ದರು. ತಡೆಸಿದವನು ಇವನು, ಲ್ಯಾಬಿನವರೆಲ್ಲ 'ಮೌನಿ' ಎನ್ನುವ ಹೊಸಬ. ಆಸ್ಪತ್ರೆಯಲ್ಲಿ ಅಪ್ಪನ ದಿಂಬು ಸರಿಮಾಡುತ್ತಿದ್ದವನು...

ಬಣ್ಣದ ಕಾರ್ಖಾನೆಯ ದ್ರಾವಕಗಳು ಅಪ್ಪನ ಲಿವರ್ ತಿಂದುಹಾಕಿದ್ದವು. "ಜೊತೆಗಿದ್ದವರೆಲ್ಲ ಗುಂಡುಕಲ್ಲಿನ ಹಾಗಿದಾರೆ. ನಾನೇ ಹುಷಾರಾಗಿರಲಿಲ್ವೇನಮ್ಮಾ?" ಎಂದು ಕೊರಗುತ್ತಿದ್ದರು.

ಉತ್ತರ ಅವಳಿಗೆ ಸಿಕ್ಕಿತ್ತು. ಲಿವರ್ ಕೋಶಗಳ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯ ಎಳೆಗಳನ್ನು ಕಿಣ್ವ ಹಾಕಿ ಕತ್ತರಿಸಿದರೆ, ಅದೇ ದ್ರಾವಕಗಳ ವಿಷಕ್ಕೆ ಕೋಶಗಳು ಬೇಗ ಸಾಯುತ್ತಿದ್ದವು. "ನಿನ್ನ ಸಕ್ಕರೆಯ ಕವಚವೇ ತೆಳು ಅಪ್ಪ. ನಿನ್ನ ತಪ್ಪಲ್ಲ," ಎಂದಿದ್ದಳು.

ಮೌನಿ ಸೂಕ್ಷ್ಮದರ್ಶಕದ ಕೆಳಗೆ ಕೋಶಗಳ ಒಂದು ತಟ್ಟೆ ಇಟ್ಟ.

"ಇದಕ್ಕೂ ಅದೇ ವಿಷ, ಆದ್ರೆ ಕಿಣ್ವ ಕುದಿಸಿ ಹಾಕಿದೀನಿ. ಸಕ್ಕರೆ ಕತ್ತರಿಸೋ ಶಕ್ತಿ ಇಲ್ಲ ಅದಕ್ಕೆ. ನೋಡಿ."

ಅಲ್ಲಿಯೂ ಕೋಶಗಳು ಅಷ್ಟೇ ಸತ್ತು ಉದುರಿದ್ದವು.

ಕಿಣ್ವವಿಲ್ಲದ ಹೋಲಿಕೆಯ ತಟ್ಟೆಗೆ ನಾನು ಬರೀ ಉಪ್ಪುನೀರು ಹಾಕಿದ್ದೆ, ಎಂದುಕೊಂಡಳು.

"ಕಿಣ್ವ ಕೆಡದ ಹಾಗೆ ಬೆರೆಸಿರ್ತಾರಲ್ಲ, ಆ ದ್ರವದ ಕೆಲಸ ಇದು," ಎಂದ. "ಸಕ್ಕರೆ ಕಾಪಾಡುತ್ತೋ ಇಲ್ವೋ, ಇನ್ನೂ ಗೊತ್ತಿಲ್ಲ."

"ಯಾವಾಗ ತಿಳೀತು ನಿಮಗೆ?"

"ನಿಮ್ಮಪ್ಪ ಆಸ್ಪತ್ರೆ ಸೇರಿದ ವಾರ."

"ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡೀತಾ, ಬೆನ್ನ ಹಿಂದೆ ಸರ್ ಹತ್ರ ಹೋದ್ರಾ?"

"ತಪ್ಪು ಪ್ರಬಂಧ ಪ್ರಕಟಣೆಗೆ ಹೋಗಬಾರದಿತ್ತು. ನಿಮಗೆ ಹೇಳಿದ್ರೆ, ನಿಮ್ಮ ಮುಖ ನೋಡೇ ನಿಮ್ಮಪ್ಪನಿಗೆ ಗೊತ್ತಾಗಿಬಿಡ್ತಿತ್ತು. 'ನನ್ನ ತಪ್ಪಲ್ಲವಂತೆ, ಮಗಳು ಕಂಡುಹಿಡಿದಿದಾಳೆ' ಅಂತ ನರ್ಸಮ್ಮನಿಗೆಲ್ಲ ಹೇಳ್ತಿದ್ರು..."

"ಅಂದ್ರೆ, ಸುಳ್ಳು ನಂಬ್ಕೊಂಡೇ ಹೋದ್ರು ಅಪ್ಪ."

ಅವನು ಸಮಾಧಾನ ಹೇಳಲಿಲ್ಲ. "ಹೌದು."

ಸಾವಿನ ಮನೆಗೆ ಬಂದವರೆಲ್ಲ ಸಮಾಧಾನ ಹೇಳಿದ್ದರು. ಆಗ ಬಾರದ ಅಳು ಈಗ ಬಂತು.

ಕಣ್ಣೊರೆಸಿಕೊಂಡು ಕೇಳಿದಳು, "ಇದನ್ನೆಲ್ಲ ನೀವ್ಯಾಕೆ ಹೊತ್ಕೊಂಡ್ರಿ?"

"ನೀವಂದ್ರೆ ನನಗೆ ಇಷ್ಟ. ಅದನ್ನೂ ಹೇಳೋಕಾಗಲಿಲ್ಲ."

ಅವಳು ಅವನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತಳು. ಹೊಸ ತಟ್ಟೆಯ ಮುಚ್ಚಳ ತೆಗೆದಳು.

"ಈ ಸಲ ನಿಜವಾಗ್ಲೂ ಕಾಪಾಡೋದು ಸಕ್ಕರೆಯೇ ಅಂತಾದ್ರೆ... ಯಾರಿಗೆ ಹೇಳಲಿ ನಾನು?"

"ನನಗೆ ಹೇಳಿ."

"ಅಲ್ಲ ಅಂತಾದ್ರೆ?"

"ಆಗ ನಾನು ಮೊದಲು ನಿಮಗೇ ಹೇಳ್ತೀನಿ."