ಬಿಳಿಗಲ್ಲುದುರ್ಗದ ಮುಂಗುಂಡು

ಶರದೃತುವಿನ ಎಳೆಬಿಸಿಲು ಬಿಳಿಗಲ್ಲುದುರ್ಗದ ಕೋಟೆಗೋಡೆಗಳನ್ನೇರಿ ರಾಜಬೀದಿಗೆ ಇಳಿಯುವ ಹೊತ್ತಿಗೆ ನಗರವಾಗಲೇ ಮಹಾನವಮಿಯ ಸಂಭ್ರಮದಲ್ಲಿ ಮುಳುಗಿತ್ತು. ಗಜಶಾಲೆಯ ಮುಂದೆ ಮಾವುತರು ಆನೆಗಳ ಹಣೆಗೆ ಸುಣ್ಣ ಜಾಜುಗಳ ಚಿತ್ತಾರ ಬಿಡಿಸುತ್ತಿದ್ದರು. ಕಂಚುಗಾರರ ಕೇರಿಯಲ್ಲಿ ಹೆಂಗಸರು ದೇವರ ಪ್ರಭಾವಳಿಗಳನ್ನು ಹುಣಿಸೆಹುಳಿ ಹಚ್ಚಿ ಬೆಳಗುತ್ತಿದ್ದರು. ಸೇವಂತಿಗೆಯ ಬುಟ್ಟಿ ಹೊತ್ತ ಹೂವಾಡಿಗರು ಬಾಯಿಗೆ ಬಂದ ಬೆಲೆ ಕೂಗುತ್ತಿದ್ದರು. ಊರೆಲ್ಲ ಹಬ್ಬವನ್ನು ನೋಡುತ್ತಿದ್ದರೆ ಅರಮನೆಯ ಉಪ್ಪರಿಗೆಯಲ್ಲಿ ನಿಂತ ಪ್ರಧಾನಿ ಅಚ್ಯುತಯ್ಯನವರು ಮಾತ್ರ ಹಬ್ಬ ನೋಡುವವರನ್ನು ನೋಡುತ್ತಿದ್ದರು.

ಅದು ಅವರ ಸ್ವಭಾವವೇ ಆಗಿಬಿಟ್ಟಿತ್ತು. ಕೆಲವು ವರ್ಷಗಳ ಹಿಂದೆ ಹಿರಿಯ ದೊರೆಗಳು ಇದೇ ಹಬ್ಬದ ವೇದಿಕೆಯ ಮೇಲೆ, ತಮ್ಮದೇ ಪಡೆಯವರಾರೋ ಹಾರಿಸಿದ ಗುಂಡಿಗೆ ಬಲಿಯಾಗಿದ್ದರು. ಹಾರಿಸಿದವನು ಯಾರೆಂಬುದು ಇಂದಿಗೂ ಬಯಲಾಗಿರಲಿಲ್ಲ. ಅಂದಿನಿಂದ ಅಚ್ಯುತಯ್ಯನವರು ಅನ್ನವನ್ನು ನಾಯಿಗೆ ಹಾಕಿ ನೋಡದೆ ಉಣ್ಣುತ್ತಿರಲಿಲ್ಲ, ಹಾಸಿಗೆಯನ್ನು ಕೊಡವದೆ ಮಲಗುತ್ತಿರಲಿಲ್ಲ. ಹಾವು ಕಚ್ಚಿದವನು ಹಗ್ಗಕ್ಕೂ ಹೆದರುತ್ತಾನೆ ಎನ್ನುತ್ತಾರೆ. ಇವರೋ ಹಗ್ಗ ಹೊಸೆಯುವವನನ್ನೇ ಹಿಡಿದು ವಿಚಾರಿಸುವ ಪೈಕಿ. ಆ ಕಾಲದ ಕೋವಿಗಳು ಉರಿಯುವ ಬತ್ತಿಯಿಲ್ಲದೆ ಹಾರುತ್ತಿರಲಿಲ್ಲವಾದ್ದರಿಂದ, ಆಯುಧ ಹಿಡಿದು ಬಾಳುವ ವಯಸ್ಕರಾರೂ, ಗಂಡಾಗಲಿ ಹೆಣ್ಣಾಗಲಿ, ಹೊತ್ತಿಸಿದ ಬತ್ತಿಯೊಡನೆ ಪಟ್ಟದ ವೇದಿಕೆಯ ಬಳಿ ಸುಳಿಯಕೂಡದೆಂದು ಅವರು ಕಟ್ಟಳೆ ಮಾಡಿದ್ದರು.

ಈಗಿನ ದೊರೆ ಹರಿಯಪ್ಪನಾಯಕನಿಗೆ ಎಂಟು ವರ್ಷ. ವಿಜಯದಶಮಿಯ ದಿನ ಬನ್ನಿಮರಕ್ಕೆ ಕಟ್ಟಿದ ಬೂದುಗುಂಬಳವನ್ನು ದೊರೆಯಾದವನು ಸ್ವಹಸ್ತದಿಂದ ಕೋವಿ ಹಾರಿಸಿ ಒಡೆಯಬೇಕು. ಒಡೆದರೆ ರಾಜಮುದ್ರೆ ಅವನದು, ಇಲ್ಲವಾದರೆ ಅದು ದಾಯಾದಿ ದಳವಾಯಿ ಭುಜಂಗರಾಜನ ಕೈಯಲ್ಲೇ ಉಳಿಯುವುದು. ರಾಜಮಾತೆ ಓಬಳಾಂಬೆ ಪಾಳೆಯಗಾರರ ಮನೆಯ ಮಗಳು. ಅಂತಃಪುರದ ಅಂಗಳದಲ್ಲಿ ಮಗನ ಬೆನ್ನ ಹಿಂದೆ ಮಂಡಿಯೂರಿ, ಕೋವಿ ಹಿಡಿಯುವುದನ್ನು ತಾವೇ ಕಲಿಸಿದ್ದರು. ಮಗು ಕಲಿತಿತ್ತು, ನಾಳಿನ ದಶಮಿಯಂದು ಹಾರಿಸುವುದೂ ನಿಶ್ಚಯವಾಗಿತ್ತು. ಮುದ್ರೆಯ ರುಚಿ ಕಂಡ ಭುಜಂಗರಾಜ ಕೈಕಟ್ಟಿ ಕೂರುವನೇ ಎಂಬುದೊಂದೇ ಅಚ್ಯುತಯ್ಯನವರ ಚಿಂತೆ.

ಆಗ ಕೋಟೆಯ ಹಿಂಬದಿಯ ಕಲ್ಲುಗಣಿಯ ಕಡೆಯಿಂದ ಗುಂಡಿನ ಸದ್ದು ಕೇಳಿಸಿತು. ದೊಡ್ಡ ಕೋವಿಯದಲ್ಲ, ಚಿಕ್ಕದರದು. ಸ್ವಲ್ಪ ಹೊತ್ತಿಗೆ ಮತ್ತೊಂದು. ಪ್ರಧಾನಿಗಳು ಇಬ್ಬರು ಕಾವಲುಗಾರರನ್ನು ಕರೆದುಕೊಂಡು ಇಳಿದುಹೋಗಿ ಬಂಡೆಯ ಮರೆಯಲ್ಲಿ ನಿಂತರು.

ಅಲ್ಲಿದ್ದವನು ಅರಮನೆಯ ಕೋವಿಶಾಲೆಯ ಗುರಿಕಾರ ಬೋರಯ್ಯ. ಜೊತೆಗೆ ಹೆಂಡತಿ ದುರ್ಗವ್ವ, ಎಂಟು ವರ್ಷದ ಮಗಳು ಗಂಗಿ, ಅವಳಿಗಿಂತ ಚಿಕ್ಕವನಾದ ಕಾಟ. ಕಾಟನ ಕೋವಿಗೆ ಬರಿಯ ಮದ್ದು ಹಾಕಿದ್ದರು. ಹಾರಿಸಿದ ರಭಸಕ್ಕೆ ಹುಡುಗ ಕುಂಡೆಯೂರಿ ಬಿದ್ದ. ತಂದೆ ಹೊಟ್ಟೆ ಹಿಡಿದು ನಕ್ಕ. ದುರ್ಗವ್ವ ಮಾತ್ರ ಮಗಳ ಬೆನ್ನಿಗೆ ಎದೆಯೊಡ್ಡಿ ಕುಳಿತಿದ್ದಳು.

"ಉಸ್ರು ಬಿಗಿ ಹಿಡೀಬ್ಯಾಡ ಮಗಾ. ಬಿಡ್ತಾ ಬಿಡ್ತಾ ಬೆರಳು ಒತ್ತು. ಒದೆಯೋದು ಕೋವಿ ಗುಣ, ಅದಕ್ಕೆ ನೀನ್ಯಾಕೆ ಹೆದರ್ತೀಯ?"

"ಭುಜ ನೋಯ್ತೈತವ್ವಾ."

"ಮನೆಗೆ ಹೋಗಿ ಅರಿಸಿನ ಹಚ್ತೀನಿ. ಕಣ್ಣು ಮುಚ್ಚಿದ್ರೆ ಮಾತ್ರ ಬಡೀತೀನಿ, ನೋಡು!"

ಬೇರೆ ಯಾರಾದರೂ ಆಗಿದ್ದರೆ ಈ ದೃಶ್ಯಕ್ಕೆ ಮುಗುಳ್ನಗುತ್ತಿದ್ದರು. ಪ್ರಧಾನಿಗಳ ಕಣ್ಣು ಬಿದ್ದದ್ದು ಹುಡುಗಿಯ ಕಾಲಡಿಯ ಕಲ್ಲುಗಟ್ಟೆಯ ಮೇಲೆ. ಅದು ಪಟ್ಟದ ವೇದಿಕೆಯಷ್ಟೇ ಎತ್ತರವಾಗಿತ್ತು! ಉರಿಯುವ ಬತ್ತಿ ಹಿಡಿದು ಆ ಕಟ್ಟೆಯನ್ನೇರುವುದನ್ನೂ ತಾಯಿ ಕಲಿಸುತ್ತಿದ್ದಳು. ಕಟ್ಟಳೆ ತಡೆಯುವುದು ವಯಸ್ಕರನ್ನು. ಮಕ್ಕಳನ್ನು ತಡೆದು ಮೈ ತಡವುವ ಕಾವಲುಗಾರ ಯಾವ ರಾಜ್ಯದಲ್ಲಿದ್ದಾನೆ? ಹೆತ್ತ ಕೂಸಿನ ಕೈಯಿಂದ ರಾಜಹತ್ಯೆ ಮಾಡಿಸುವ ಪಾಪಿಗಳೂ ಇದ್ದಾರೆಯೇ ಎಂದು ಒಂದು ಕ್ಷಣ ಅವರಿಗೆ ಹೇಸಿಗೆಯಾಯಿತು. ಮರುಕ್ಷಣ ಬಂಡೆಯ ಮರೆಯಿಂದ ಹೊರಬಂದರು.

"ಬೋರಯ್ಯ, ಈ ಎಳೆಯರಿಗೆ ಕೋವಿಯೇಕೆ?"

ಬೋರಯ್ಯ ಬೆಚ್ಚಿ ಕೈಮುಗಿದ. "ನಮ್ಮ ಕುಲದ ಪದ್ಧತಿ ಬುದ್ಧೀ."

"ಎಂಥ ಪದ್ಧತಿ?"

"ಬಾಯಲ್ಲಿ ಆಡಂಗಿಲ್ಲ."

"ಮೊನ್ನೆ ದಳವಾಯಿಗಳ ಮನೆಯಲ್ಲಿ ನಿನಗೇನು ಕೆಲಸವಿತ್ತು? ಅದನ್ನಾದರೂ ಆಡಬಹುದೋ?"

"ದೊರೆಗೆ ಕಾಣಿಕೆ ಕೊಡೋಕೆ ಸಣ್ಣ ಕೋವಿ ಮಾಡಿಸವ್ರೆ ಅಂತ ಕೇಳಿ ನೋಡೋಕೆ ಹೋಗಿದ್ದೆ. ತೋರಿಸ್ಲಿಲ್ಲ ಬುದ್ಧೀ, ಬಾಗಿಲಿಂದಲೇ ಕಳಿಸಿದ್ರು."

ಸತ್ಯವನ್ನೇ ಹೇಳಿದ ಬಡಪಾಯಿ. ಆದರೆ ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಸಂಜೆಯೊಳಗೆ ಗಂಡಹೆಂಡಿರ ಕೈಗೆ ಕೋಳ ಬಿತ್ತು. ಮಕ್ಕಳೂ ಅವರೊಡನೆ ಠಾಣ್ಯದ ಕೋಣೆ ಸೇರಿದವು.

ಮರುದಿನ ವಿಜಯದಶಮಿ. ಬನ್ನಿಮರದ ಬಯಲಿನಲ್ಲಿ ಕಹಳೆ ಮೊಳಗುತ್ತಿರುವಾಗ, ಬೋರಯ್ಯನಿಂದ ದಳವಾಯಿಯ ಹೆಸರು ಹೊರಡಿಸಲು ಪ್ರಧಾನಿಗಳು ಕೊನೆಯ ಬಾರಿ ಠಾಣ್ಯಕ್ಕೆ ಬಂದರು. ಬೋರಯ್ಯ ಅವರ ಕಾಲಿಗೆ ಬಿದ್ದ. "ನನ್ನ ತಲೆ ತೆಗೀರಿ ಬುದ್ಧೀ. ಗಂಗಿನ ಮಾತ್ರ ವೇದಿಕೆಗೆ ಬಿಡ್ರಿ."

"ಅದಕ್ಕೇ ಅಲ್ಲವೇ ನೀನು ಇಷ್ಟು ದಿನ ತಯಾರಿ ನಡೆಸಿದ್ದು!" ಎಂದು ಅಚ್ಯುತಯ್ಯನವರು ಕಾಲು ಕೊಡವಿ ಹೊರಟರು.

"ನಿಂತ್ಕಳ್ರೀ!" ಎಂದು ದುರ್ಗವ್ವ ಕೂಗಿದಳು.

"ಬ್ಯಾಡ ದುರ್ಗೀ, ದೊರೆಗೆ ಅಪಶಕುನ" ಎಂದ ಬೋರಯ್ಯ.

"ಅಪಶಕುನ ಆದ್ರೆ ನನ್ನ ತಲೆ ಮೇಲಿರ್ಲಿ." ಅವಳು ಪ್ರಧಾನಿಗಳತ್ತ ತಿರುಗಿದಳು. "ದೊರೆ ಕೈಗೆ ಹೋಗೋ ಕೋವಿನ ಮೊದ್ಲು ನಮ್ಮ ಮನೆಯೋರು ಹಾರಿಸ್ಬೇಕು. ಅದೇ ಕೋವಿ, ಅದೇ ಮದ್ದು, ಅದೇ ಜಾಗ. ನೋಡ್ದೋರು ಮರ್ಯಾದೆ ಗುಂಡು ಅನ್ಕಂತಾರೆ, ನಾವು ಮುಂಗುಂಡು ಅಂತೀವಿ. ಸಿಡಿಯೋದಿದ್ರೆ ನಮ್ಮ ಕೈಯಾಗೆ ಸಿಡೀಲಿ ಅಂತ. ದೊರೆ ಕೋವಿ ಸಿಡೀತದೆ ಅಂತ ಆಡಿದ್ರೆ ಆಡಿದ್ದೇ ನಡೀತದಂತೆ, ಅದಕ್ಕೇ ಯಾರೂ ಬಾಯಿ ಬಿಡಲ್ಲ."

"ಮುನ್ನಾದಿನವೇ ಮರಕ್ಕೆ ಕಟ್ಟಿ ಪರೀಕ್ಷಿಸಿದರಾಗದೇ?"

"ನೆನ್ನೆ ನೋಡಿದ ಕೋವಿನ ಇವತ್ತು ಬದಲಾಯ್ಸಿದ್ರೆ? ವೇದಿಕೆ ಮ್ಯಾಲೇ ಆಗ್ಬೇಕು. ದೊಡ್ಡೋರು ಬರಬ್ಯಾಡ್ರಿ ಅಂತ ನೀವೇ ಕಟ್ಟಳೆ ಮಾಡಿದ್ರಿ. ನಮಗುಳಿದಿದ್ದು ಮಕ್ಕಳೇ. ಹೆತ್ತ ಕರುಳು ಸ್ವಾಮೀ, ಸುಮ್‌ಸುಮ್ನೆ ಕಲಿಸಿದ್ವಾ?"

ಇದೂ ಒಂದು ಹೂಟವಿರಬಹುದೇ ಎಂದೇ ಅಚ್ಯುತಯ್ಯನವರಿಗೆ ಮೊದಲು ಅನಿಸಿದ್ದು. ಹಳೆಯ ರೋಗ ಅಷ್ಟು ಬೇಗ ಬಿಡುತ್ತದೆಯೇ? ಆದರೆ ಬೋರಯ್ಯನಿಗೆ ತೋರಿಸದೆ ಬಾಗಿಲಿಂದಲೇ ಕಳಿಸಿದ್ದ ಆ ಕಾಣಿಕೆಯ ಕೋವಿಯೇ ಇಂದು ದೊರೆಯ ಕೈಸೇರುವುದೆಂದು ನೆನಪಾಯಿತು. ಕೋಳ ಬಿಚ್ಚಿಸಿದರು. ಗಂಗಿಯ ಕೈಹಿಡಿದು, ಅವಳ ಕೋವಿಯನ್ನೂ ತರಿಸಿಕೊಂಡು, ಉತ್ತರೀಯ ಜಾರುವುದನ್ನೂ ಗಮನಿಸದೆ ಬಯಲಿನತ್ತ ಓಡಿದರು. ಬೋರಯ್ಯ ದುರ್ಗವ್ವರು ಕಾಟನನ್ನು ಕರೆದುಕೊಂಡು ಹಿಂದೆಯೇ ಬಂದು ಕಾವಲಿನವರು ತಡೆದಲ್ಲಿ ನಿಂತರು.

ವೇದಿಕೆಯ ಮೇಲೆ ಬೆಳ್ಳಿಯ ಕಟ್ಟುಗಳ ಪುಟ್ಟ ಕೋವಿ ಉರಿಯುವ ಬತ್ತಿಯೊಡನೆ ಬಾಲದೊರೆಯ ಕೈಸೇರಿತ್ತು. ರಾಜಮಾತೆ ಮಗನ ಹಿಂದೆ ನಿಂತಿದ್ದರು. ಕೆಳಗೆ ತನ್ನ ಪಡೆಯ ಮುಂದೆ ಭುಜಂಗರಾಜ ಮೀಸೆ ನೀವುತ್ತಿದ್ದ.

"ಪ್ರಭು, ತಡೆಯಿರಿ! ಈ ಕೋವಿಯ ಪರೀಕ್ಷೆ ಆಗಬೇಕು. ಕಾಣಿಕೆ ಕೊಟ್ಟ ದಳವಾಯಿಗಳೇ ಬಂದು ಮೊದಲು ಹಾರಿಸಲಿ" ಎಂದು ಅಚ್ಯುತಯ್ಯನವರು ವೇದಿಕೆಯನ್ನೇರುತ್ತ ಕೂಗಿದರು.

ಭುಜಂಗರಾಜ ನಕ್ಕ. "ಬತ್ತಿ ಹಿಡಿದು ನಾನು ವೇದಿಕೆ ಹತ್ತುವುದೇ? ತಮ್ಮ ಕಟ್ಟಳೆಯನ್ನು ತಾವೇ ಮರೆತಿರಾ ಪ್ರಧಾನಿಗಳೇ? ಮುಹೂರ್ತ ಮೀರುತ್ತಿದೆ. ನನ್ನ ಕಾಣಿಕೆಯನ್ನು ಕಾರಣವಿಲ್ಲದೆ ತಳ್ಳಿ ಪಡೆಯನ್ನೆಲ್ಲ ಅವಮಾನಿಸಬೇಡಿ."

ಅವನ ಬೆನ್ನ ಹಿಂದೆ ಕತ್ತಿಯ ಹಿಡಿಕೆಗಳ ಮೇಲೆ ಕೈಗಳು ಸರಿದವು. ಕಣ್ಣಿಗೆ ಕಾಣುವ ಪ್ರಮಾಣವಿಲ್ಲದೆ ಕೋವಿಯನ್ನು ಬದಿಗಿಟ್ಟರೆ ಅಲ್ಲೇ ರಕ್ತಪಾತ. ಇಡದಿದ್ದರೆ ದೊರೆಯ ಪ್ರಾಣ. ಅಷ್ಟರಲ್ಲಿ ಗಂಗಿ ಯಾರ ಅಪ್ಪಣೆಗೂ ಕಾಯದೆ ಮುಂದೆ ಬಂದು ಕೈಚಾಚಿದಳು. "ಕೊಡ್ರಿ, ನಾನು ಹಾರಿಸ್ತೀನಿ. ನಂಗೆ ಬರ್ತೈತೆ."

ಅಚ್ಯುತಯ್ಯನವರು ಕೆಳಗೆ ನೋಡಿದರು. ದುರ್ಗವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು, ಬೇಡವೆನ್ನಲಿಲ್ಲ. ಬೋರಯ್ಯ ಕಣ್ಣು ಮುಚ್ಚಿದ್ದ. ಇಂಥವರನ್ನೇ ತಾನು ಕೋಳ ಹಾಕಿ ಕೂಡಿಹಾಕಿದ್ದು ಎಂದು ಆ ಮುದುಕನಿಗೆ ನಾಚಿಕೆಯಾಯಿತು, ಅಳುವೇ ಬಂದಿತು. ಅವರು ಬಾಲದೊರೆಯ ಕೈಯಿಂದ ಕೋವಿಯನ್ನು ತಾವೇ ಇಸಿದುಕೊಂಡರು.

"ಆಯುಧ ಹಿಡಿದು ಬಾಳಿದವನಲ್ಲ ನಾನು. ಕಟ್ಟಳೆ ನನಗೆ ತಗಲದು. ರಾಜಮಾತೆ, ದೊರೆಗಳನ್ನೂ ಈ ಮಗುವನ್ನೂ ಕರೆದುಕೊಂಡು ಕಲ್ಲುಕಂಬದ ಆಚೆಗೆ ಹೋಗಿ."

ಓಬಳಾಂಬೆ ಇಬ್ಬರನ್ನೂ ಎಳೆದುಕೊಂಡು ಕಂಬದ ಮರೆಗೆ ಸರಿದರು. ಪ್ರಧಾನಿಗಳು ಕೋವಿಯನ್ನು ಹಿಡಿದ ಬಗೆ ನೋಡಿ ಗಂಗಿಗೆ ತಡೆಯಲಾಗಲಿಲ್ಲ. ಕಂಬದ ಹಿಂದಿನಿಂದಲೇ ಕೂಗಿದಳು: "ಹಂಗಲ್ಲ ತಾತಾ, ಭುಜಕ್ಕೆ ಒತ್ತಿ ಹಿಡ್ಕಳಿ. ಉಸ್ರು ಬಿಡ್ತಾ ಬಿಡ್ತಾ ಒತ್ತಿ. ಕಣ್ಣು ಮುಚ್ಬ್ಯಾಡ್ರಿ!"

ಅಚ್ಯುತಯ್ಯನವರು ಹೇಳಿದಂತೆಯೇ ಮಾಡಿದರು.

ಕಿವಿ ಗಡಚಿಕ್ಕುವ ಶಬ್ದವಾಯಿತು. ಹೊಗೆ ತಿಳಿಯಾದಾಗ ಬೆಳ್ಳಿಯ ಕಟ್ಟುಗಳು ಚೆಲ್ಲಾಪಿಲ್ಲಿಯಾಗಿದ್ದವು. ಪ್ರಧಾನಿಗಳು ಎದೆಗೆ ನಳಿಗೆಯ ಚೂರುಗಳು ಹೊಕ್ಕು ಬಿದ್ದಿದ್ದರು. ಬೋರಯ್ಯ ಕಾವಲನ್ನು ಭೇದಿಸಿ ಬಂದು ನಳಿಗೆಯ ಒಂದು ಚೂರನ್ನೆತ್ತಿ ಪಡೆಯ ಎದುರು ಹಿಡಿದ. ಅದರ ಬುಡವನ್ನು ಒಳಗಿನಿಂದ ಅರದಲ್ಲಿ ಉಜ್ಜಿ ಎಲೆಯಷ್ಟು ತೆಳುವಾಗಿಸಿದ್ದರು. ಮಗುವಿನ ಮೇಲೆ ಹೂಡಿದ ಈ ಮೋಸಕ್ಕೆ ದಳವಾಯಿಯ ಸೈನಿಕರೇ ಹೇಸಿದರು. ಕುದುರೆಯತ್ತ ಓಡಿದ ಭುಜಂಗರಾಜನನ್ನು ಹಿಡಿದು ಕೆಡವಿದವರೂ ಅವರೇ.

ಗಂಗಿ ಅಚ್ಯುತಯ್ಯನವರ ಪಕ್ಕದಲ್ಲಿ ಕುಳಿತು ಬಿಕ್ಕಳಿಸುತ್ತಿದ್ದಳು. "ನಾನು ಹೇಳಿಕೊಟ್ಟಿದ್ದು ತಪ್ಪಾಯ್ತಾ ತಾತಾ?"

"ಇಲ್ಲ ಮಗೂ. ನೀನು ಹೇಳಿದ್ದೆಲ್ಲ ಸರಿಯಾಗಿತ್ತು." ಅವರು ಪ್ರಯಾಸದಿಂದ ತಲೆಯೆತ್ತಿದರು. "ಮುಹೂರ್ತ ಮೀರಿಲ್ಲ. ನಿನ್ನ ಕೋವಿಯನ್ನು ದೊರೆಗೆ ಕೊಡು. ಬೋರಯ್ಯಾ, ಬತ್ತಿ ಹೊತ್ತಿಸು. ದೊರೆಯ ಬೆನ್ನಿಗೆ ನೀನೇ ನಿಲ್ಲು."

"ಮುಂಗುಂಡು ಹಾರಿಸ್ಬೇಕಲ್ಲ ಬುದ್ಧೀ?" ಎಂದ ಬೋರಯ್ಯ, ಕಣ್ಣೊರೆಸಿಕೊಳ್ಳುತ್ತ.

"ನಿನ್ನ ಮನೆಯ ಕೋವಿಗೆ ಅದು ಬೇಡ."

ಹರಿಯಪ್ಪನಾಯಕ ಅಳುತ್ತಲೇ ಕೋವಿಯನ್ನು ಭುಜಕ್ಕೇರಿಸಿದ. ಗುಂಡು ಹಾರಿತು, ಜನರ ಜಯಘೋಷ ಬಯಲನ್ನು ತುಂಬಿತು. ಕುಂಬಳ ಒಡೆಯಿತೇ ಎಂದು ಅಚ್ಯುತಯ್ಯನವರು ಕೇಳಿದರು. ಒಡೆಯಿತೆಂದು, ಅವರ ಬಳಿ ಬಂದು ಕುಳಿತಿದ್ದ ದುರ್ಗವ್ವ ಹೇಳಿದಳು. ತಲೆಯೆತ್ತಿ ನೋಡದೆ, ಅವಳ ಮಾತನ್ನೇ ನಂಬಿ ಅವರು ಕಣ್ಣು ಮುಚ್ಚಿದರು.