ಅಮ್ಮ ಕೊಟ್ಟ ದಡ

"ತಕರಾರಿಲ್ಲ ಅಂತ ನನ್ನ ಬಾಯಿಂದ ಬರೋದಿಲ್ಲ, ಲವೋನ್. ಇನ್ನೊಂದು ಸಲ ಕೇಳಿದ್ರೆ ಈ ಬಾಗಿಲೂ ನಿಂಗೆ ಮುಚ್ಚಿತು ಅಂತ ತಿಳ್ಕೋ!"

ಇಷ್ಟು ಹೇಳಿ ಆರ್ಡಿಸ್ ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಗಂಡನ ಅಕ್ಕನ ಅಡುಗೆಮನೆಯಲ್ಲಿ ಕೋಟನ್ನೂ ಬಿಚ್ಚದೆ ನಿಂತಿದ್ದ ಲವೋನ್‌ಗೆ ಕೂರು ಎನ್ನುವವರಿರಲಿಲ್ಲ. ಅವಳು ಬೆಳಿಗ್ಗೆ ಎದ್ದು ಮಾಡಿ ತಂದಿದ್ದ ಸೇಬಿನ ಪೈ ಮೇಜಿನ ಮೇಲೆ ಮುಚ್ಚಿದ ಹಾಗೇ ಇತ್ತು. ಕಿಟಕಿಯಾಚೆ, ಬೇಲಿಯ ಆ ಕಡೆ, ರಸ್ತೆಗೂ ಲೂನ್‌ಟೇಲ್ ಸರೋವರಕ್ಕೂ ನಡುವೆ ಸಿಕ್ಕಿಕೊಂಡಂತಿದ್ದ ಆ ಪುಟ್ಟ ಜಾಗ ಕಾಣುತ್ತಿತ್ತು.

ಅತ್ತೆ ಸಾಯುವಾಗ ಮಗ ಗೇಲನ್‌ಗೆ ಕೊಟ್ಟು ಹೋದ ಜಾಗ ಅದು. ಅಲ್ಲಿದ್ದ ಹಳೆಯ ಮರದ ಗುಡಿಸಲು ಒಂದು ಚಳಿಗಾಲ ಹಿಮದ ಭಾರಕ್ಕೆ ಕುಸಿದುಬಿತ್ತು. ಮರುವರ್ಷವೇ ಗೇಲನ್‌ಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಮಾತು ಹೋದವು. ಗಂಡಹೆಂಡತಿ ಇದ್ದದ್ದು ಊರಿನ ಪೇಟೆಯಲ್ಲಿ, ಅಂಗಡಿಯೊಂದರ ಮೇಲಿನ ಬಾಡಿಗೆ ಮನೆಯಲ್ಲಿ. ಆಸ್ಪತ್ರೆಗೆ ಹೋಗುವ ದಿನ ಇಬ್ಬರು ಗಂಡಸರು ಹೊತ್ತು ಇಳಿಸಿದರೆ ಉಂಟು, ಇಲ್ಲವಾದರೆ ಗೇಲನ್‌ಗೆ ಲೋಕವೆಂದರೆ ಎದುರಿನ ಇಟ್ಟಿಗೆಯ ಗೋಡೆ. ಹುಟ್ಟಿದಾಗಿನಿಂದ ನೀರು ನೋಡಿ ಬೆಳೆದ ಜೀವ! ಆ ದಡದಲ್ಲಿ ಮೆಟ್ಟಿಲೇ ಇಲ್ಲದ, ಗಾಲಿಕುರ್ಚಿ ಸಲೀಸಾಗಿ ಓಡಾಡುವ ಎರಡು ಕೋಣೆಯ ಮನೆ ಕಟ್ಟಿಬಿಡಬೇಕು ಎಂಬುದೊಂದೇ ಲವೋನಳ ಹಟ. ಆದರೆ ಈಗಿನ ಕಾನೂನಿನಂತೆ ಮನೆ ನೀರಿನಿಂದ ಎಪ್ಪತ್ತೈದು ಅಡಿ ದೂರವಿರಬೇಕು. ಅಷ್ಟು ದೂರ ಸರಿದರೆ ಮನೆ ರಸ್ತೆಯ ಮೇಲೆಯೇ ನಿಲ್ಲಬೇಕಾಗುತ್ತದೆ. ಕೌಂಟಿಯ, ಅಂದರೆ ಅಲ್ಲಿನ ಜಿಲ್ಲಾಡಳಿತದ, ಮಂಡಳಿ ವಿನಾಯಿತಿ ಕೊಟ್ಟರೆ ಮಾತ್ರ ದಾರಿ. ಅದು ಮೊದಲು ಕೇಳುವುದು ಪಕ್ಕದವರ ಮಾತನ್ನು. ಪಕ್ಕದವಳು ಆರ್ಡಿಸ್.

"ಅತ್ತಿಗೆ, ಅವರು ನಿಮ್ಮ ತಮ್ಮ ಅಲ್ವಾ..."

"ತಮ್ಮ!" ಆರ್ಡಿಸ್ ಗಿರ್ರನೆ ತಿರುಗಿದಳು. "ಅಮ್ಮ ಹಾಸಿಗೆ ಹಿಡಿದಾಗ ಎಲ್ಲಿದ್ದ ಈ ತಮ್ಮ? ದೋಣಿ ಬಿಟ್ಕೊಂಡು ಮೀನು ಹಿಡೀತಿದ್ದ! ಅವಳ ಹೊಲಸು ಬಳಿದೋಳು ನಾನು. ಗೊತ್ತಾಗಿದ್ದ ಮದುವೆ ಬಿಟ್ಟೋಳು ನಾನು. ಕೊನೆಗೆ ಅವಳು ಕರೆದಿದ್ದು ಯಾರನ್ನ? ಗೇಲನ್, ಗೇಲನ್! ದಡ ಅವನಿಗೆ. ನಂಗೆ ಈ ಹಳೇ ಮನೆ, ಅವಳ ಔಷಧಿ ವಾಸನೆ..."

ಲವೋನ್ ತಲೆ ತಗ್ಗಿಸಿದಳು. ಏಕೆಂದರೆ ಅದು ನಿಜವಾಗಿತ್ತು. ಆ ದೋಣಿಯಲ್ಲಿ, ಹೊಸ ಹೆಂಡತಿಯಾಗಿ, ನಗುತ್ತ ಅವಳೂ ಕೂತಿದ್ದಳು.

ವಿನಾಯಿತಿಯ ಅರ್ಜಿಯ ವಿಚಾರಣೆಯ ದಿನ ಅಗ್ನಿಶಾಮಕ ದಳದ ಹುಡುಗರನ್ನು ಕಾಡಿಬೇಡಿ ಗೇಲನ್‌ನನ್ನು ಕೆಳಗಿಳಿಸಿ ಕೌಂಟಿ ಕಚೇರಿಗೆ ಕರೆದೊಯ್ದಳು. ಮಂಡಳಿಯ ಅಧ್ಯಕ್ಷ ಡುಶೇನ್ ಮೆತ್ತಗಿನ ಮನುಷ್ಯ.

"ನೋಡಿಯಮ್ಮ, ಕಾನೂನು ಕೇಳೋದು ಕಷ್ಟ ಜಾಗದ್ದೋ ಮನುಷ್ಯಂದೋ ಅಂತ. ಯಜಮಾನ್ರ ಕಾಯಿಲೆನ ನಾವು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

"ಮನುಷ್ಯನ ಕಷ್ಟ ಲೆಕ್ಕಕ್ಕಿಲ್ಲ ಅಂದ್ರೆ ಮನೆ ಕಟ್ಟೋದು ಯಾರಿಗೆ ಸಾರ್? ಮಣ್ಣಿಗಾ?"

ಡುಶೇನ್ ಕನ್ನಡಕ ತೆಗೆದು ಒರೆಸಿಕೊಂಡ. "ಜಾಗ ಇಕ್ಕಟ್ಟು ಅನ್ನೋದೂ ನಿಜವೇ. ಅದನ್ನ ಹಿಡ್ಕೊಂಡು ಏನಾದ್ರೂ ಮಾಡಬಹುದು. ಪಕ್ಕದೋರು ಒಪ್ಪಿದ್ರೆ..."

ಲವೋನ್ ಆಸೆಯಿಂದ ಮುಂದಕ್ಕೆ ಬಾಗಿದಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಚರ್ಚಿಗೆ ಹೋಗುವ ಕಪ್ಪು ಕೋಟು ತೊಟ್ಟು ಆರ್ಡಿಸ್ ಎದ್ದು ನಿಂತಿದ್ದಳು.

"ನನ್ನ ತಕರಾರಿದೆ. ಅಮ್ಮನ್ನ ನೋಡ್ಕೊಂಡಿದ್ದು ಯಾರು ಅಂತ ಇಷ್ಟು ವರ್ಷದಲ್ಲಿ ಅವನೊಂದು ದಿನ ಹೇಳಿಲ್ಲ. ಆ ದಡ ಅವನದ್ದಾಗಿದ್ದು ಹೇಗೆ?"

ಗೇಲನ್ ಎಡಗೈಯನ್ನು ಮೇಲೆತ್ತಿ, ಒಂದೊಂದೇ ಮಾತನ್ನು ಎಳೆದೆಳೆದು ಹೊರತಂದ.

"ಅಕ್ಕ... ಸರಿ. ಅಮ್ಮನ್ನ... ಅಕ್ಕ ನೋಡಿದ್ಳು. ನಾನು... ಇಲ್ಲ. ದಡ... ಅಕ್ಕಂದು. ಮನೆ... ಬೇಡ."

"ರೀ!" ಲವೋನ್ ಚೀರಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಸಾರ್, ಅವರಿಗೆ ಏನ್ ಹೇಳ್ತಿದ್ದಾರೆ ಅನ್ನೋದು ಗೊತ್ತಾಗ್ತಿಲ್ಲ... ಬರ್ಕೋಬೇಡಿ ಸಾರ್, ದಮ್ಮಯ್ಯ!"

ಡುಶೇನ್ ಮತ್ತೆ ಮತ್ತೆ ಕೇಳಿದ. ಜಾಗದ ಒಡೆಯ ಗೇಲನ್. ಅವನು ಪ್ರತಿ ಸಲವೂ ತಲೆಯಲ್ಲಾಡಿಸಿದ. ಅರ್ಜಿ ಬಿದ್ದುಹೋಯಿತು. ಮತ್ತೆ ಹಾಕಲು ಒಂದು ವರ್ಷ ಕಾಯಬೇಕಂತೆ... ಗೇಲನ್‌ಗೆ ಉಳಿದಿರುವುದು ತಿಂಗಳುಗಳ ಲೆಕ್ಕ ಎಂದಿದ್ದ ಡಾಕ್ಟರು, ವರ್ಷ ಎನ್ನುವ ಮಾತನ್ನು ಲವೋನಳ ಎದುರು ಎತ್ತಿಯೇ ಇರಲಿಲ್ಲ.

ಹೊರಗೆ ಕಾರಿನ ಪಕ್ಕ ಅವಳು ಸಿಡಿದಳು. "ನಿಮಗೋಸ್ಕರ ಯಾರ್ಯಾರ ಕಾಲು ಹಿಡಿದೆ ನಾನು! ಬೇಡ ಅನ್ನೋಕೆ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಗೇಲನ್ ಅಳುತ್ತಿದ್ದ. ಆದರೆ ಆ ಮುಖದಲ್ಲಿ, ಎಷ್ಟೋ ದಿನಗಳಿಂದ ಅವಳು ಕಾಣದಿದ್ದ ಒಂದು ಹಗುರತನ! ಅದೇ ಅವಳನ್ನು ಇರಿಯಿತು.

ಆರ್ಡಿಸ್ ಬಂದಳು. ಕಣ್ಣು ಊದಿದ್ದವು. ಲವೋನಳನ್ನು ನೋಡದೆ ತಮ್ಮನ ಕೋಟಿನ ಗುಂಡಿ ಹಾಕುತ್ತ ಹೇಳಿದಳು. "ಕೆಳಗಿನ ಕೋಣೆ ಖಾಲಿ ಇದೆ, ಅಮ್ಮಂದು. ಅಲ್ಲಿಂದ ನೀರು ಕಾಣುತ್ತೆ. ಬಂದ್ಬಿಡು ಗೇಲನ್... ನೀನೂ ಬಾ, ಲವೋನ್."

ನೀನೂ! ಆ ಹೆಂಗಸಿನ ಸೂರಿನಡಿ ಕಾಲಿಡುವುದಕ್ಕಿಂತ ಸತ್ತರೆ ಮೇಲು ಎನಿಸಿತು ಲವೋನ್‌ಗೆ. ಬಾಯಿ ತೆರೆದಳು ಕೂಡ. ಆದರೆ ಗೇಲನ್ ಅವಳ ಕೋಟಿನ ತೋಳನ್ನೇ ಮಗುವಿನಂತೆ ಹಿಡಿದುಕೊಂಡು, "ನೀರು... ಲವೋನ್... ನೀರು..." ಎಂದ. ಅವಳು ಕಾರಿನ ಬಾಗಿಲು ತೆಗೆದಳು.

ಒಂದು ವಾರದಲ್ಲಿ ಸಾಮಾನು ಆರ್ಡಿಸಳ ಮನೆಗೆ ಸಾಗಿತು. ದಡದ ಜಾಗ ಆರ್ಡಿಸಳ ಹೆಸರಿಗಾಯಿತು. ಆಕೆ ಅದರತ್ತ ತಿರುಗಿಯೂ ನೋಡಲಿಲ್ಲ. ಆಕೆಗೆ ಬೇಕಾಗಿದ್ದುದು ಆವತ್ತು ಸಭೆಯಲ್ಲೇ ಸಿಕ್ಕಿತ್ತು. ಮೊದಲ ದಿನ ಬೆಳಿಗ್ಗೆ, ಅತ್ತೆ ಸತ್ತ ಮಂಚದ ಮೇಲೆ ಒರಗಿ ಗೇಲನ್ ಕಿಟಕಿಯಲ್ಲಿ ಕಣ್ಣು ನೆಟ್ಟಿದ್ದ. ಲವೋನ್ ಗಂಜಿ ತಣಿಸಿ ಅವನ ಬಾಯಿಗೆ ಹಿಡಿದಿದ್ದಳು. ಆರ್ಡಿಸ್ ಒಳಗೆ ಬಂದವಳೇ ಅವಳ ಕೈಯಿಂದ ಚಮಚ ತೆಗೆದುಕೊಂಡಳು. "ಕೊಡಿಲ್ಲಿ. ಹಾಗಲ್ಲ, ಓರೆಯಾಗಿ ಹಿಡೀಬೇಕು. ನಂಗೆ ಅಭ್ಯಾಸ."

ಅಕ್ಕ ತಿನಿಸಿದಳು, ತಮ್ಮ ತಿಂದ. ಲವೋನ್ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ರಾಶಿಬಿದ್ದಿದ್ದ ತಟ್ಟೆಗಳನ್ನು ತೊಳೆದು, ಒರೆಸಿ, ಕೈಯಲ್ಲಿ ಹಿಡಿದು ನಿಂತು, ಮೆಲ್ಲನೆ ಕೇಳಿದಳು:

"ಅತ್ತಿಗೆ... ಇವನ್ನ ಯಾವ ಕಪಾಟಲ್ಲಿ ಇಡ್ಲಿ?"