ಗೋಡೆಯ ರುಚಿ

"ಏನು ಬೇಕಾದ್ರೂ ಮಾಡಿ ಸಾರ್, ಆ ಗೋಡೆಗೆ ನಾಲಿಗೆ ಮಾತ್ರ ತಾಗಿಸಬೇಡಿ," ಎಂದ ಗಾರೆಯಜ್ಜ.

ಗೋಡೆ ಡಾಕ್ಟರ್ ನಕ್ಕ. ಹಳೆಯ ಮನೆಗಳ ರೋಗ ಪತ್ತೆಹಚ್ಚಿ ರಿಪೇರಿ ಮಾಡಿಸುವುದೇ ಅವನ ಕಸುಬಾದ್ದರಿಂದ ಕೆಲಸದವರು ಇಟ್ಟ ಅಡ್ಡಹೆಸರು ಅದು. ಗಾರೆಯನ್ನು ನೆಕ್ಕಿ ನೋಡುವುದು ಅವನ ಹೆಮ್ಮೆಯ ವಿದ್ಯೆ. ನಾಲಿಗೆಗೆ ಅಂಟಿಕೊಂಡರೆ ಹಳೆಯ ಸುಣ್ಣ, ಉಪ್ಪೆನಿಸಿದರೆ ಒಳಗೆ ತೇವ ಏರಿದೆ ಎಂದು ಲೆಕ್ಕ. ಇಂಥವನಿಗೆ ನೆಕ್ಕಬೇಡ ಎನ್ನುವುದು ಬೆಕ್ಕಿಗೆ ಹಾಲು ಮುಟ್ಟಬೇಡ ಎಂದ ಹಾಗೆ.

ಈ ಸಲ ಮನೆ ಅವನದೇ. ಏಳು ವರ್ಷ ಕಾದ ಮೇಲೆ ಹೆಂಡತಿ ಬಸುರಿಯಾಗಿದ್ದಳು. ಮಗು ಸ್ವಂತ ಮನೆಯಲ್ಲಿ ಕಣ್ಣು ಬಿಡಲಿ ಎಂದು, ಊರಾಚೆಯ ಬಡಾವಣೆಯಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ ಇದನ್ನು ಹಿಡಿದು, ಎರಡು ಕೋಣೆ ಸರಿಮಾಡಿಸಿಕೊಂಡು ಬಂದು ಕೂತಿದ್ದ. ಬಾಗಿಲ ಮೇಲೆ ೧೯೧೧ ಎಂದು ಕೆತ್ತಿತ್ತು. ಮೂರು ಮಗ್ಗುಲಿಗೆ ತೆರೆಯುವ ಮುಂಗಿಟಕಿ, ಬಣ್ಣದ ಗಾಜು, ಎರಡಾಳೆತ್ತರದ ಕೋಣೆಗಳು, ಚಾವಣಿಯ ಅಂಚಿಗೆ ಗಾರೆಯಲ್ಲೇ ಅಚ್ಚೊತ್ತಿದ ದ್ರಾಕ್ಷಿ ಬಳ್ಳಿ. ಊರೊಳಗೆ ಜ್ವರ ಹಬ್ಬಿದಾಗ ಉಳ್ಳವರು ಶುದ್ಧ ಗಾಳಿ ಅರಸಿ ರೈಲು ಹಳಿಯ ಬದಿಗೆ ಬಂದು ಕಟ್ಟಿದ ಸಾಲಿನಲ್ಲಿ ಇದೇ ಮೊದಲ ಮನೆ. ಕಟ್ಟಿಸಿದವನು ಒಬ್ಬ ವಕೀಲ. ಗಾಳಿಯಾಡಲೆಂದೇ ಕಟ್ಟಿದ ಮನೆಯೊಳಗೆ ಈಗ ತಲೆ ತೊಳೆಯದವರ ದಿಂಬಿನ ವಾಸನೆ ಹೊಡೆಯುತ್ತಿತ್ತು.

"ಯಾಕಜ್ಜ, ಗೋಡೆ ಕಚ್ಚುತ್ತಾ?"

"ಬಿರುಕು ಬಿಡಬಾರದು ಅಂತ ಗಾರೆಗೆ ಕೂದಲು ಸೇರಿಸ್ತಾ ಇದ್ರಲ್ಲ..."

"ನನಗೇ ಪಾಠನಾ? ದನದ್ದು, ಮೇಕೆದು."

"ಇದು ದನದ್ದಲ್ಲ ಸಾರ್. ಬಳಿದವನು ನಮ್ಮ ತಾತ."

ಮುಂದಿನದನ್ನು ಕೇಳುವ ತಾಳ್ಮೆ ಗೋಡೆ ಡಾಕ್ಟರಿಗೆ ಎಲ್ಲಿತ್ತು? ಮಲಗುವ ಕೋಣೆಯ ಗೋಡೆಯಿಂದ ಉಗುರಷ್ಟು ಗಾರೆ ಎಬ್ಬಿಸಿ, ಅಜ್ಜನ ಮುಖ ನೋಡುತ್ತಲೇ ನಾಲಿಗೆಯ ಮೇಲಿಟ್ಟುಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಕಣ್ಣು ಹೊಡೆದ.

"ಅಪ್ಪಟ ಸುಣ್ಣ ಕಣೇ. ಬಸುರಿಗೂ ಒಳ್ಳೇದೇ!"

ಅವಳು ನಗಲಿಲ್ಲ. ಗೋಡೆಯನ್ನೇ ನೋಡುತ್ತ ಎಂಜಲು ನುಂಗಿದಳು. ಅಜ್ಜ ಕರಣೆ ಎತ್ತಿಕೊಂಡು ಹೊರಟೇಹೋದ.

ಮೂರನೆಯ ದಿನ ಊಟಕ್ಕೆ ಕೂತಾಗ ನಾಲಿಗೆಯ ಬುಡದಲ್ಲಿ ಏನೋ ತೊಡಕಿತು. ಬೆರಳು ಹಾಕಿ ಹಿಡಿದ. ಒಂದು ಕೂದಲು. ತುತ್ತಿನಲ್ಲಿ ಬಂದಿರಬೇಕು ಎಂದು ಎಳೆದ. ಎಳೆದಷ್ಟೂ ಬಂತು. ಗೇಣುದ್ದ, ಮೊಳದುದ್ದ. ಗಂಟಲ ಗೋಡೆಯನ್ನು ಸವರುತ್ತ, ಬೆಚ್ಚಗೆ, ಲೋಳೆ ಮೆತ್ತಿಕೊಂಡು. ಹೊಟ್ಟೆಯ ತಳದಲ್ಲಿ ಸುರುಳಿ ಬಿಚ್ಚಿಕೊಂಡದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅವನದೋ ನುಣ್ಣನೆಯ ಬೋಳು ತಲೆ, ಹೆಂಡತಿಯದು ಗುಂಗುರು. ಇದು ನೇರ, ನೀಳ, ಕಪ್ಪು. ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ.

ಆಮೇಲೆ ದಿನಾ ಬೆಳಿಗ್ಗೆ ಹಲ್ಲಿನ ಸಂದಿಯಲ್ಲಿ ಎಳೆಗಳು. ಕೆಮ್ಮಿದರೆ ಎಳೆಗಳು. ಕಫದಲ್ಲಿ ಸಿಂಬಿ ಸುತ್ತಿಕೊಂಡ ಎಳೆಗಳು, ಅವಕ್ಕೆ ಅಂಟಿದ ತಲೆಹೊಟ್ಟಿನ ಬಿಳಿ ಚೂರುಗಳು. ನೀರು ಕುಡಿದರೂ ಕೊಳಕು ನೆತ್ತಿಯ ರುಚಿ. ತನ್ನ ಬಾಯಿಯ ಮೇಲೆ ತನಗೇ ಹೇಸಿಗೆ ಹುಟ್ಟಿತು. ಹೆಂಡತಿಯ ಮುಂದೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ತುಂಬಿದ ಬಸುರಿ, ಹೆದರಿಬಿಟ್ಟಾಳು ಎಂದು. ಅವಳೂ ಈಚೆಗೆ ತನ್ನ ಪಾಡಿಗೆ ತಾನಿದ್ದಳು. "ಈ ಮಗು ಒದೆಯೋದೇ ಇಲ್ಲ ರೀ, ಬರೀ ಕಚಗುಳಿ ಇಡುತ್ತೆ," ಎಂದಳು ಒಮ್ಮೆ. ಅವನು ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದ.

ಹದಿನೈದನೆಯ ದಿನ ಗಾರೆಯಜ್ಜನ ಮನೆ ಹುಡುಕಿಕೊಂಡು ಹೋದ. ಕೆಟ್ಟ ಮೇಲೆ ಬುದ್ಧಿ ಬಂತು.

"ಜ್ವರದಾಸ್ಪತ್ರೆಲಿ ರೋಗಿಗಳ ತಲೆ ಬೋಳಿಸ್ತಾ ಇದ್ರು," ಎಂದ ಅಜ್ಜ ಅವನ ಮುಖ ನೋಡದೆ. "ಸತ್ತವರದೂ ಸೇರಿ ಮೂಟೆಗಟ್ಟಲೆ ಕೂದಲು. ಅಗ್ಗಕ್ಕೆ ಸಿಗುತ್ತೆ, ಅದನ್ನೇ ಹಾಕು ಅಂದ ವಕೀಲ. ನಮ್ಮ ತಾತ ಹಾಕಿದ. ಒಬ್ಬ ತಾಯಿ ಬಂದ್ಲು. ಹೆಣ ಅಂತೂ ಕೊಡಲಿಲ್ಲ, ನನ್ನ ಮಗಳ ಜಡೆನಾದ್ರೂ ಕೊಡಿ ಅಂದ್ಲು."

"ವಕೀಲ ಏನಂದ?"

"ಗೋಡೇಲಿದೆ, ಬೇಕಾದ್ರೆ ನೆಕ್ಕಿಕೋ ಅಂದ. ಅವಳು ಮಾಟ ಬಲ್ಲವಳು ಸಾರ್. ಹಸಿ ಗಾರೆಗೆ ಮೂರು ಸಲ ಉಗಿದ್ಲು. ಇದನ್ನ ಬಾಯಿಗೆ ಹಾಕಿದವರ ಒಳಗೇ ನನ್ನ ಮಗಳು ಬೆಳೀಲಿ ಅಂದ್ಲು."

ಗೋಡೆ ಡಾಕ್ಟರಿಗೆ ಅಣಕಿಸುವ ಶಕ್ತಿ ಉಳಿದಿರಲಿಲ್ಲ. ಗಂಟಲಲ್ಲಿ ಎಳೆಯೊಂದು ಮಿಸುಕುತ್ತಿತ್ತು.

"ಉಪ್ಪುನೀರು ಕುಡಿದು ಕಕ್ಕಿ. ಬುಡ ಸಿಗೋ ತನಕ ಎಳೀರಿ. ಬಂದದ್ದನ್ನ ಆಸ್ಪತ್ರೆ ಹಿಂದಿನ ಹೂಳೋ ಜಾಗದಲ್ಲಿ ಮಣ್ಣು ಮಾಡಿ. ನೀವು ತಿಂದದ್ದು ಒಂದು ಚೂರು, ಬಚಾವಾಗಬಹುದು. ಅದಕ್ಕಿಂತ ಜಾಸ್ತಿ ತಿಂದವರಿಗೆ ಏನು ಮಾಡಬೇಕೋ ನಮ್ಮ ತಾತನಿಗೂ ಗೊತ್ತಿರಲಿಲ್ಲ."

ಮಟಮಟ ಮಧ್ಯಾಹ್ನ ಬಚ್ಚಲ ಬಾಗಿಲು ಹಾಕಿಕೊಂಡ. ಚೊಂಬು ತುಂಬ ಉಪ್ಪುನೀರು ಕುಡಿದ. ಕಕ್ಕಿದ. ಮೊದಲು ಹಳದಿ ನೀರು. ಆಮೇಲೆ ಎಳೆಗಳ ಕುಚ್ಚು. ಹಿಡಿದ. ಎಳೆದ. ಅದು ದಪ್ಪವಾಗುತ್ತ ಬಂತು. ಬೆರಳಷ್ಟು ದಪ್ಪ. ಉಸಿರು ಕಟ್ಟಿತು. ಕಣ್ಣು ಕತ್ತಲಿಟ್ಟಿತು. ಮೂಗಿಗೆ ಕೊಳೆತ ದಿಂಬಿನ ನಾತ. ಗಂಟಲೊಳಗೆ ಗಂಟುಗಂಟಾಗಿ ಏನೋ ಹತ್ತುತ್ತಿತ್ತು. ಎಳೆ. ಇನ್ನೂ ಎಳೆ. ಫಟ್ಟನೆ ಬುಡ ಕಳಚಿತು.

ಕಲ್ಲಿನ ಮೇಲೆ ಬಿದ್ದದ್ದು ಒಂದು ಜಡೆ. ಚೊಕ್ಕವಾಗಿ ಹೆಣೆದ, ಎಳೆ ಹುಡುಗಿಯ ಜಡೆ. ತುದಿಯಲ್ಲಿ ಕೊಳೆತ ಕೆಂಪು ರಿಬ್ಬನ್ನು.

ಅದನ್ನು ಚೀಲಕ್ಕೆ ತುಂಬಿ ಅಜ್ಜ ಹೇಳಿದ ಜಾಗದಲ್ಲಿ ಹೂತ. ವಾಪಸು ಬರುವಾಗ ದಾರಿಯಲ್ಲಿ ನೀರು ಕುಡಿದ. ನೀರು ನೀರಿನ ಹಾಗೇ ಇತ್ತು. ಸಂತೋಷಕ್ಕೆ ಅಳು ಬಂತು. ಮನೆಯ ಗಾರೆಯನ್ನೆಲ್ಲ ಇವತ್ತೇ ಕಿತ್ತುಹಾಕುತ್ತೇನೆ, ಮಗು ಬರುವುದರೊಳಗೆ ಇಟ್ಟಿಗೆ ಕಾಣಿಸುತ್ತೇನೆ ಎಂದುಕೊಂಡು ಬಂದವನೇ ಮಲಗುವ ಕೋಣೆಯ ಬೀರುವನ್ನು ಪಕ್ಕಕ್ಕೆ ತಳ್ಳಿದ.

ಬೀರುವಿನ ಹಿಂದೆ ಗಾರೆ ಇರಲಿಲ್ಲ. ಪರಾತದಗಲ ಇಟ್ಟಿಗೆ ಬೆತ್ತಲಾಗಿತ್ತು. ಅಂಚಿನಲ್ಲಿ ಉಗುರಿನ ಗೀರು, ಎಂಜಲಿನ ಪಸೆ. ಒಂದೆರಡು ಕಡೆ ಹಲ್ಲಿನ ಗುರುತು.

"ಬೈಬೇಡಿ ರೀ," ಎಂದಳು ಹೆಂಡತಿ ಹಿಂದಿನಿಂದ. ಅವಳ ತುಟಿಯ ಮೇಲೆ ಬಿಳಿ ಪುಡಿ ಇತ್ತು. "ಬಯಕೆ. ಆ ವಾಸನೆ ತಡೆಯೋಕೇ ಆಗಲ್ಲ. ನೀವೇ ಹೇಳಿದ್ರಲ್ಲ, ಬಸುರಿಗೂ ಒಳ್ಳೇದು ಅಂತ."

"ಬಾಯಲ್ಲಿ... ಕೂದಲು ಬಂತಾ?"

"ಇಲ್ಲಪ್ಪ. ಒಂದೆಳೆನೂ ಹೊರಗೆ ಬಂದಿಲ್ಲ."

ಅವಳು ಅವನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

"ನೋಡಿ, ಮತ್ತೆ ಕಚಗುಳಿ."

ಅಂಗೈಯ ಕೆಳಗೆ ಏನೋ ಎಡದಿಂದ ನಡುವಿಗೆ ಸರಿಯಿತು. ಬಲದಿಂದ ನಡುವಿಗೆ. ಮತ್ತೆ ಎಡದಿಂದ. ಅವಸರವಿಲ್ಲದೆ, ಬಿಗಿಯಾಗಿ, ಒಳಗೆ ಯಾರೋ ಜಡೆ ಹೆಣೆದುಕೊಳ್ಳುತ್ತಿದ್ದರು.